ಐದು ಗಂಟೆಯ ಮಗಳು

ಆ ವಾಕ್ಯ ಮೂರನೆಯ ಸಲ ಬಂದು ಕೂತಿತ್ತು. ಬೆಳಗಿನ ಒಂಬತ್ತೂಕಾಲಿಗೆ ಗ್ರಂಥಾಲಯದ ಕಿಟಕಿಗಳನ್ನು ತೆರೆದು, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ, ಬೆರಳಿಗೆ ಹತ್ತಿದ ಶಾಯಿಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಅವಳು ಕಂಪ್ಯೂಟರಿನ ಮುಂದೆ ಕೂತಾಗ, ನಿನ್ನೆ ಸಂಜೆ ತಾನೇ ಅಳಿಸಿ ಹೋಗಿದ್ದ ಜಾಗದಲ್ಲಿ ಏನೂ ಆಗಿಲ್ಲವೆಂಬಂತೆ ಅದು ಇತ್ತು. "ಒಂದು ದಿನ ಗಡಿಯಾರ ಕೆಟ್ಟು ಆರು ಗಂಟೆಯ ಸೈರನ್ನು ಐದಕ್ಕೇ ಕೂಗಿತು. ನಾವೆಲ್ಲ ಒಂದು ಗಂಟೆ ಮುಂಚೆ ಮನೆಗೆ ಹೋದೆವು. ಅಂದಿನಿಂದ ಸೈರನ್ನಿನವನಿಗೆ ಐದು ಗಂಟೆ ಅಂತಲೇ ಹೆಸರಾಯಿತು." ಕೆಳಗೆ ಬರೆದವರ ಹೆಸರು: ಗುಂಡಿಯಮ್ಮ. ಓದಿದವಳ ಕಿವಿಯ ತುದಿ ಬಿಸಿಯಾಯಿತು. ಐವತ್ತನಾಲ್ಕು ವರ್ಷದ ಹೆಂಗಸು, ಸಹಾಯಕ ಗ್ರಂಥಪಾಲಕಿ, ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು, ಮೂರು ಸಾಲಿನ ಮುಂದೆ ಹತ್ತು ವರ್ಷದವಳಾಗಿ, ಶಾಲೆಯ ಗೇಟಿನ ಹತ್ತಿರ ಚೀಲವನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಐದು ಗಂಟೆ ಮಗಳು ಬಂದ್ಲು, ನಡೀರೋ ಮನೆಗೆ ಹೋಗೋಣ. ಹಾಗೆ ಕೂಗುತ್ತಿದ್ದವರಲ್ಲಿ ಒಬ್ಬ ಈಗ ದಂತವೈದ್ಯ. ಹೋದ ತಿಂಗಳು ಅವಳ ದವಡೆ ಹಲ್ಲು ಕಿತ್ತಾಗ ಎಷ್ಟು ನಯವಾಗಿ ಮಾತಾಡಿಸಿದ್ದ. ಅವನಿಗೆ ಆ ಕೂಗು ನೆನಪಿರಲಾರದು. ಕೂಗಿದವರಿಗೆ ಯಾವುದೂ ನೆನಪಿರುವುದಿಲ್ಲ. ಅವಳು ವಾಕ್ಯವನ್ನು ಅಳಿಸಿದಳು. ಅಷ್ಟಕ್ಕೇ ಬಿಡದೆ, ಹಿಂದೆಂದೂ ಒತ್ತಿರದ ಒಂದು ಗುಂಡಿಯನ್ನು ಒತ್ತಿ ಪುಟಕ್ಕೆ ಬೀಗ ಹಾಕಿದಳು. ಪುಟದ ಮೂಲೆಯಲ್ಲಿ ಬೀಗದ ಪುಟ್ಟ ಚಿತ್ರ ಮೂಡಿತು. ಎದುರಿನ ಗೋಡೆಯ ಮೇಲೆ ಅವಳದೇ ದುಂಡು ಅಕ್ಷರದಲ್ಲಿ ಬರೆದ ಹಲಗೆ ಇತ್ತು: ಇದು ಎಲ್ಲರ ವಿಕಿ, ಊರಿನ ಯಾರು ಬೇಕಾದರೂ ಬರೆಯಬಹುದು. ಅವಳು ಹಲಗೆಗೆ ಬೆನ್ನು ಕೊಟ್ಟು ಕುರ್ಚಿಯನ್ನು ತಿರುಗಿಸಿಕೊಂಡಳು.

ವಿಕಿ ಶುರುವಾದದ್ದು ಮುಖ್ಯ ಗ್ರಂಥಪಾಲಕರ ಉತ್ಸಾಹದಿಂದ. ಎಲ್ಲಿಯೋ ಒಂದು ಸಭೆಗೆ ಹೋಗಿ ಬಂದ ಮರುದಿನವೇ ಅವರು, ಊರಿನ ನೆನಪನ್ನೆಲ್ಲ ಊರಿನವರ ಕೈಯಲ್ಲೇ ಬರೆಸಿ ಕಂಪ್ಯೂಟರಿನಲ್ಲಿ ಕೂಡಿಡೋಣ ಎಂದು ಘೋಷಿಸಿ, ಕೆಲಸವನ್ನು ಅವಳ ತಲೆಗೆ ಕಟ್ಟಿ, ತಾವು ಪುಟಗಳನ್ನು ಎಣಿಸುವ ಕೆಲಸವನ್ನು ಮಾತ್ರ ಉಳಿಸಿಕೊಂಡರು. ಎಷ್ಟಾಯ್ತು? ಇನ್ನೂರ ಹನ್ನೊಂದು ಸಾರ್. ಭೇಷ್. ಬುಧವಾರ ಬುಧವಾರ ಹಿರಿಯರಿಗೆ ತರಗತಿ. ಅವರಲ್ಲಿ ಅರ್ಧ ಜನ ವಿಕಿಯನ್ನು ವಿಕ್ಕಿ ಎನ್ನುತ್ತಿದ್ದರು, ಅದು ಗ್ರಂಥಾಲಯಕ್ಕೆ ಹೊಸದಾಗಿ ಸೇರಿದ ಹುಡುಗನ ಹೆಸರೆಂಬಂತೆ. ವಿಕ್ಕಿಗೆ ಹೇಳಿ, ವಿಕ್ಕಿ ಮರೆಯೋದಿಲ್ಲ. ಬದಲಾಯಿಸಬೇಕಾದಾಗ ಒತ್ತುವ ಜಾಗದಲ್ಲಿ 'ಸಂಪಾದಿಸಿ' ಎಂದಿದ್ದುದನ್ನು ನೋಡಿ, ನಿವೃತ್ತ ಬಸ್ ಚಾಲಕರು, ಈ ವಯಸ್ಸಿನಲ್ಲಿ ಎಂಥ ಸಂಪಾದನೆಯಮ್ಮ ಎಂದು ಕೈಮುಗಿದಿದ್ದರು. ಗುಂಡಿ ಕಾರ್ಖಾನೆಯ ಪುಟವಂತೂ ಹುಟ್ಟುವಾಗಲೇ ನಗೆಪಾಟಲಾಗಿತ್ತು. ಊರಿಗೆ ಹೊಸಬರೊಬ್ಬರು, ನಮ್ಮ ಬೀದಿಯ ಗುಂಡಿಗಳೆಲ್ಲ ಅಲ್ಲಿಯೇ ತಯಾರಾದವೋ ಎಂದು ಕೇಳಿ ಬರೆದಿದ್ದರು. ಅದನ್ನು ಅವಳು ಅಳಿಸಿರಲಿಲ್ಲ. ಅಂಗಿಯ ಗುಂಡಿಗಳು ಎಂದು ಗಂಭೀರವಾಗಿ ಉತ್ತರಿಸಿದ್ದಳು: ಚಿಪ್ಪಿನವು, ಮರದವು, ಎಲುಬಿನವು, ಎರಡು ತೂತಿನವು, ನಾಲ್ಕು ತೂತಿನವು. ಆ ಪುಟದ ಬಹುಪಾಲು ಅವಳದೇ. ಅಮ್ಮ ಅಲ್ಲಿ ರಟ್ಟಿನ ಹಾಳೆಗೆ ಗುಂಡಿ ಹೊಲಿಯುವ ವಿಭಾಗದಲ್ಲಿದ್ದಳು. ಅಪ್ಪ ಸೈರನ್ನಿನ ಕೋಣೆಯಲ್ಲಿದ್ದ. 'ಕಾರ್ಖಾನೆಯ ಸೈರನ್ನು ಹನ್ನೆರಡು ವರ್ಷ ಒಂದು ನಿಮಿಷವೂ ತಪ್ಪದೆ ಕೂಗಿತು' ಎಂದು ಬರೆದು ಉಳಿಸಿದ ದಿನ ಅವಳಿಗೆ ಏನೋ ಒಂದು ದೊಡ್ಡ ಮೂಟೆಯನ್ನು ಕೆಳಗಿಳಿಸಿದ ಹಾಗಾಗಿತ್ತು. ಅಚ್ಚಿನ ಅಕ್ಷರಕ್ಕೆ ಎಂಥ ಗುಣ, ಸುಳ್ಳನ್ನೂ ಸ್ನಾನ ಮಾಡಿಸಿ ಕೂರಿಸುತ್ತದೆ. ಎರಡು ವಾರ ಅವಳು ಹಗುರವಾಗಿ ಓಡಾಡಿದಳು. ಮೂರನೆಯ ವಾರ ಗುಂಡಿಯಮ್ಮ ಟೈಪು ಮಾಡಲು ಕಲಿತರು. ಕಲಿಸಿದವಳೂ ಅವಳೇ.

ಹನ್ನೊಂದಕ್ಕೆ ತರಗತಿ. ಆರು ಕಂಪ್ಯೂಟರು, ಒಂಬತ್ತು ಜನ, ಕನ್ನಡಕಗಳು ಹದಿನಾಲ್ಕು, ಹತ್ತಿರಕ್ಕೊಂದು ದೂರಕ್ಕೊಂದು. ಗುಂಡಿಯಮ್ಮ ಎಂದಿನಂತೆ ಮೊದಲು ಬಂದು ಕಿಟಕಿಯ ಪಕ್ಕದ ಜಾಗವನ್ನು ಹಿಡಿದಿದ್ದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಗುಂಡಿ ಆರಿಸಿದವರು. ಒಡೆದದ್ದು, ಸೊಟ್ಟಗಾದದ್ದು, ತೂತು ಮುಚ್ಚಿದ್ದು ಅವರ ಬೆರಳಿನಿಂದ ತಪ್ಪಿಸಿಕೊಂಡು ಹೋದ ಉದಾಹರಣೆ ಇಲ್ಲವಂತೆ. ಈಗಲೂ ಕೀಲಿಮಣೆಯ ಮೇಲೆ ಅವರ ಬೆರಳು ಅಕ್ಷರಗಳನ್ನು ಆರಿಸುವಂತೆಯೇ ಓಡಾಡುತ್ತಿತ್ತು. ಬೇಡದ್ದನ್ನು ದಾಟಿ, ಬೇಕಾದ್ದರ ಮೇಲೆ ಟಕ್ಕನೆ. ಆ ಕಡೆ ಕೊನೆಯಲ್ಲಿ ಗಡಿಯಾರದವರು. ಅಂಗಡಿ ಮುಚ್ಚಿ ಹತ್ತು ವರ್ಷವಾದರೂ ಹೆಸರು ಹಾಗೆಯೇ ಉಳಿದಿತ್ತು. ಅವರು ಯಾರೊಂದಿಗೂ ಹೆಚ್ಚು ಮಾತಾಡುವವರಲ್ಲ. ಊರಿನ ಗೋಪುರಗಡಿಯಾರದ ಬಗ್ಗೆ ಎಂಟು ವಾರದಿಂದ ಒಂದೇ ಪುಟ ಬರೆಯುತ್ತಿದ್ದರು, ಹಲ್ಲುಚಕ್ರಗಳ ಸಂಖ್ಯೆ ಸಮೇತ. ಅವರ ಕಡೆ ನೋಡದೆ ಪಾಠ ಮಾಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅದಕ್ಕೆ ಕಾರಣವಿತ್ತು. ಆ ಕಾರಣದ ಕಡೆಗೂ ಅವಳು ನೋಡುತ್ತಿರಲಿಲ್ಲ.

"ಟೀಚರಮ್ಮ, ಸ್ವಲ್ಪ ಇಲ್ಲಿ ಬನ್ನಿ" ಎಂದರು ಗುಂಡಿಯಮ್ಮ. "ನಾನು ಬರೆದಿದ್ದು ಇವತ್ತೂ ಮಾಯ. ಜೊತೆಗೆ ಇದೊಂದು ಬೀಗ ಬೇರೆ."

"ಯಾರಾದ್ರೂ ಗೊತ್ತಿಲ್ದೆ ಅಳಿಸಿರಬಹುದು."

"ಗೊತ್ತಿಲ್ದೆ ಒಂದು ಸಲ ಕಾಲು ತುಳೀಬಹುದಮ್ಮ. ಎರಡು ಸಲನೂ ತುಳೀಬಹುದು, ಬಸ್ಸಲ್ಲಿ ರಶ್ಶಿದ್ರೆ. ಮೂರನೇ ಸಲ ತುಳಿದ್ರೆ ಅದು ಜಗಳ." ಪಕ್ಕದವರು ನಕ್ಕರು. ಗುಂಡಿಯಮ್ಮ ನಗಲಿಲ್ಲ. "ಹೋದ ವಾರ ನೀವೇ ಹೇಳಿದ್ರಿ, ಯಾರು ಯಾವಾಗ ಏನು ಮಾಡಿದ್ರು ಅಂತ ಎಲ್ಲಾ ಬರ್ಕೊಂಡಿರುತ್ತೆ ಅಂತ. ಅದನ್ನ ತೋರ್ಸಿ."

ತೋರಿಸದೆ ಇರಬಹುದಿತ್ತು. ಇವತ್ತು ನೆಟ್ಟು ನಿಧಾನ ಎನ್ನಬಹುದಿತ್ತು, ಮುಖ್ಯಸ್ಥರು ಕರೆಯುತ್ತಿದ್ದಾರೆ ಎನ್ನಬಹುದಿತ್ತು. ಆದರೆ ಒಂಬತ್ತು ಜನ ಕತ್ತು ತಿರುಗಿಸಿದ್ದರು, ಮತ್ತು ಅವಳೊಳಗಿನ ಟೀಚರಮ್ಮ, ಅವಳ ಅನುಮತಿಯನ್ನು ಕೇಳದೆ, ಬಾಗಿ, ಮೌಸಿನ ಮೇಲಿದ್ದ ಸುಕ್ಕುಗಟ್ಟಿದ ಕೈಯ ಮೇಲೆ ಕೈಯಿಟ್ಟು, ಇಲ್ಲಿ ಮೇಲ್ಗಡೆ 'ಇತಿಹಾಸ' ಅಂತಿದೆಯಲ್ಲ, ಅಲ್ಲಿ ಒತ್ತಬೇಕು ಎಂದು ಸ್ಪಷ್ಟವಾಗಿ, ಹಿಂದಿನ ಸಾಲಿಗೂ ಕೇಳಿಸುವ ಹಾಗೆ ಹೇಳಿಬಿಟ್ಟಳು. ಪಟ್ಟಿ ಬಿಚ್ಚಿಕೊಂಡಿತು. ಗುಂಡಿಯಮ್ಮ ಪರದೆಗೆ ಬೆರಳು ತಾಗಿಸಿ ಒಂದೊಂದೇ ಸಾಲನ್ನು ಜೋರಾಗಿ ಓದಿದರು. ಬರೆದದ್ದು ಗುಂಡಿಯಮ್ಮ. ಅಳಿಸಿದ್ದು ಗ್ರಂಥಾಲಯ ಎರಡು. ಬರೆದದ್ದು ಗುಂಡಿಯಮ್ಮ. ಅಳಿಸಿದ್ದು ಗ್ರಂಥಾಲಯ ಎರಡು. ಓದುತ್ತ ಓದುತ್ತ ಅದು ಮಕ್ಕಳ ಬಾಯಿಪಾಠದ ಹಾಗಾಯಿತು. ಚಾಲಕರು ತಾಳ ಹಾಕುವವರಂತೆ ಮೇಜಿನ ಮೇಲೆ ಬೆರಳು ಬಡಿದರು.

"ಈ ಗ್ರಂಥಾಲಯ ಎರಡು ಅಂದ್ರೆ ಯಾರಮ್ಮ? ವಿಕ್ಕಿನಾ?"

ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಕಾದರೆ ಉತ್ತರ ಹೇಳಬೇಕಾಗಿ ಬರುವುದಿಲ್ಲವೇನೋ ಎಂಬಂತೆ ಅವಳು ಕಾದಳು. ಸದ್ದು ನಿಂತಿತು.

"ನಾನೇ" ಎಂದಳು.

ಆಧಾರವಿಲ್ಲದ ಮಾತು, ಪುಸ್ತಕದಲ್ಲಾಗಲಿ ಕಾಗದದಲ್ಲಾಗಲಿ ಎಲ್ಲೂ ದಾಖಲಾಗಿಲ್ಲ, ನಿಯಮದ ಪ್ರಕಾರ ಎಂದು ಏನೇನೋ ಹೇಳತೊಡಗಿದ ಅವಳನ್ನು ಗುಂಡಿಯಮ್ಮ ಕೈಯೆತ್ತಿ ತಡೆದರು. "ಆಧಾರ ಬೇಕಾದ್ರೆ ಮುಟ್ಟಿ ನೋಡಿ. ಇಲ್ಲೇ ಕೂತಿದೀನಲ್ಲ." ಆಮೇಲೆ ಅವರು ಕುರ್ಚಿಯನ್ನು ತಿರುಗಿಸಿ ಎಲ್ಲರಿಗೂ ಹೇಳಿದರು. ಚಳಿಗಾಲ. ಕಾರ್ಖಾನೆಯ ಕಿಟಕಿಗಳಿಗೆ ಬಣ್ಣ ಬಳಿದಿದ್ದರು, ಕೆಲಸದವರು ಹೊರಗೆ ನೋಡಿ ಹೊತ್ತು ಕಳೆಯದಿರಲಿ ಎಂದು. ಕೈಗಡಿಯಾರ ಕಟ್ಟುವ ಹಾಗಿರಲಿಲ್ಲ, ಯಂತ್ರಕ್ಕೆ ಸಿಕ್ಕೀತೆಂದು. ಕತ್ತಲಲ್ಲಿ ಒಳಗೆ ಹೋಗಿ ಕತ್ತಲಲ್ಲಿ ಹೊರಗೆ ಬರುವ ದಿನಗಳು. ಅವತ್ತು ಸೈರನ್ನು ಕೂಗಿತು, ಮುನ್ನೂರು ಜನ ಹೊರಗೆ ಬಂದರೆ ಬಿಸಿಲು. "ಒಂದು ಕ್ಷಣ ಎಲ್ರೂ ಗೇಟಲ್ಲೇ ನಿಂತ್ಬಿಟ್ವಿ. ನಮ್ಮನೆಗೆ ಹೋದ್ರೆ, ಮಗು ಅಂಗಳದಲ್ಲಿ ಗೋಡೆ ಹಿಡ್ಕೊಂಡು ನಿಂತಿದೆ. ನನ್ನ ನೋಡಿ ಗೋಡೆ ಬಿಡ್ತು. ನಾಲ್ಕು ಹೆಜ್ಜೆ ಹಾಕ್ತು. ಮೊದಲ್ನೇ ನಾಲ್ಕು ಹೆಜ್ಜೆ. ದಿನಾ ನಾನು ಹೋಗೋ ಹೊತ್ತಿಗೆ ಅದು ನಿದ್ದೆ ಮಾಡಿರ್ತಿತ್ತು." ಚಾಲಕರು, ತಾವು ಆ ದಿನ ಖಾಲಿ ಬಸ್ಸನ್ನು ಓಡಿಸುತ್ತಿದ್ದಾಗ ಕಾರ್ಖಾನೆಯ ಮುಂದೆ ಜನಸಾಗರ ಕಂಡು ಹೆದರಿ, ಬೆಂಕಿ ಬಿದ್ದಿದೆಯೆಂದು ತಿಳಿದು ಹಾರ್ನು ಒತ್ತುತ್ತಲೇ ಹೋದದ್ದನ್ನು ಹೇಳಿದರು. ಇನ್ನೊಬ್ಬರ ಅಕ್ಕ ಆ ಒಂದು ಗಂಟೆಯಲ್ಲಿ ಹೋಗಿ ಫೋಟೋ ತೆಗೆಸಿಕೊಂಡಿದ್ದಳಂತೆ. ಆ ಫೋಟೋ ನೋಡಿಯೇ ಮದುವೆ ನಿಶ್ಚಯವಾದದ್ದಂತೆ. ಮಾತಿಗೆ ಮಾತು ಕೂಡಿ ಕೋಣೆ ಸಂತೆಯಾಯಿತು. ಅವಳು ಎರಡು ಕುರ್ಚಿಗಳ ನಡುವೆ ನಿಂತೇ ಇದ್ದಳು. ನಲವತ್ತನಾಲ್ಕು ವರ್ಷ ತಾನು ಕೇಳಬಾರದೆಂದು ಕಿವಿ ಮುಚ್ಚಿಕೊಂಡಿದ್ದ ಕಥೆ ಇದೇನಾ, ಇಷ್ಟು ಸಲೀಸಾಗಿ, ಇಷ್ಟು ಜನ ನಗುತ್ತ ಹೇಳುವಂಥದ್ದು?

"ಅವರು ನಮ್ಮಪ್ಪ" ಎಂದಳು ಗುಂಡಿಯಮ್ಮನಿಗೆ ಮಾತ್ರ ಕೇಳಿಸುವಂತೆ. "ಸೈರನ್ನಿನವರು."

"ಗೊತ್ತಮ್ಮ. ಆ ಮೂಗು ನೋಡಿದ್ರೆ ಗೊತ್ತಾಗಲ್ವಾ? ಅದಕ್ಕೇ ಬರ್ದಿದ್ದು. ಓದಿ ಖುಷಿ ಪಡ್ತೀಯ ಅಂತ." ಬಹುವಚನ ಯಾವಾಗ ಕಳಚಿ ಬಿದ್ದಿತ್ತೋ, ಇಬ್ಬರೂ ಗಮನಿಸಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಅವಳೂ ಕುರ್ಚಿ ಎಳೆದುಕೊಂಡು ಕೂತು ನಗಬಹುದಿತ್ತು. ಆದರೆ ಕೊನೆಯ ಕುರ್ಚಿಯಿಂದ ಗಡಿಯಾರದವರು ಕೆಮ್ಮಿದರು.

"ಆ ವಾಕ್ಯ ಅಳಿಸಿದ್ದು ಸರಿಯೇ" ಎಂದರು. "ಅದ್ರಲ್ಲಿ ಸುಳ್ಳಿದೆ. ಗಡಿಯಾರ ಕೆಟ್ಟಿರ್ಲಿಲ್ಲ."

"ಶುರುವಾಯ್ತು ಇವ್ರದ್ದು" ಎಂದರು ಚಾಲಕರು.

"ಶುರುವಾಗಿ ನಲವತ್ನಾಲ್ಕು ವರ್ಷ ಆಯ್ತು. ಮೂರು ದಿನ ಮುಂಚೆ ನಾನೇ ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿ ಕೊಟ್ಟಿದ್ದೆ. ಗಡಿಯಾರ ನಿಂತ್ಹೋಗಬಹುದು. ಹಿಂದೆ ಬೀಳಬಹುದು. ದಿನಕ್ಕೆ ಐದು ನಿಮಿಷ ಮುಂದೆ ಓಡಬಹುದು. ಒಂದೇ ಏಟಿಗೆ ಸರಿಯಾಗಿ ಒಂದು ಗಂಟೆ ಹಾರೋಕೆ ಅದೇನು ಮೇಕೆಯಾ?" ಅವರು ಕನ್ನಡಕ ತೆಗೆದು ಒರೆಸಿದರು. ಮರುದಿನ ಕಾರ್ಖಾನೆಯವರು ಕರೆಸಿ, ಎಲ್ಲರ ಎದುರಿಗೆ ಆ ಗಡಿಯಾರವನ್ನು ಗುಜರಿಯ ಡಬ್ಬಕ್ಕೆ ಎಸೆದು, ನಿನ್ನ ಕೈಗುಣ ನೋಡಯ್ಯ ಎಂದಿದ್ದರಂತೆ. ಆಮೇಲೆ ಅಲ್ಲಿಯ ಕೆಲಸ ಅವರಿಗೆ ಬರಲಿಲ್ಲ. ಬೀದಿಯವರು, ಅವರಂಗಡಿಯಲ್ಲಿ ರಿಪೇರಿ ಮಾಡಿಸಿದರೆ ಒಂದು ಗಂಟೆ ಪುಕ್ಕಟೆ ಎಂದು ನಗುತ್ತಿದ್ದರಂತೆ. "ನೀವೆಲ್ಲ ನಗ್ತೀರಿ, ನಗಿ. ಒಳ್ಳೇ ಗಂಟೆಯೇ ಅದು. ಆದ್ರೆ ಗಡಿಯಾರ ಸರಿಯಿತ್ತು. ಅಷ್ಟು ಬರೀರಿ ಸಾಕು."

ಗಡಿಯಾರ ಸರಿಯಿತ್ತು. ಅದು ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಕಾಯದೆ, ತರಗತಿಯನ್ನು ತಮ್ಮ ತಮ್ಮಲ್ಲೇ ನಡೆಸಿಕೊಳ್ಳಿ ಎಂದು ಬಿಟ್ಟು ಅವಳು ಮೆಟ್ಟಿಲಿಳಿದಳು. ಮೆಟ್ಟಿಲ ಮೇಲೆ ಎದುರಾದ ಮುಖ್ಯಸ್ಥರು ಎಷ್ಟಾಯ್ತು ಎಂದರು. ಅವಳು ನಲವತ್ನಾಲ್ಕು ಎಂದಳು. ಅವರು ಗೊಂದಲದಲ್ಲೇ ಭೇಷ್ ಎಂದರು. ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಔಷಧಿ ಅಂಗಡಿ, ಬೀಗ ರಿಪೇರಿಯವನ ಪೆಟ್ಟಿಗೆ, ಚಪ್ಪಲಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟ ಅಂಗಡಿ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅವಳು ಮಾತ್ರ ಹತ್ತು ವರ್ಷದವಳಾಗಿ ಸೈರನ್ನಿನ ಕೋಣೆಯಲ್ಲಿದ್ದಳು. ಶಾಲೆ ಬಿಟ್ಟ ಮೇಲೆ ದಿನವೂ ಅಲ್ಲಿಯೇ ಕಾಯಬೇಕು, ಆರು ಗಂಟೆಯವರೆಗೆ, ಅಮ್ಮ ಕೆಳಗಿನಿಂದ ಬಂದು ಕೈ ಹಿಡಿಯುವವರೆಗೆ. ಒಂದು ಮೇಜು, ಒಂದು ಸ್ಟೂಲು, ಗುಂಡಿ ತುಂಬುವ ಖಾಲಿ ಗೋಣಿಚೀಲಗಳ ರಾಶಿ, ಮೇಲಿನಿಂದ ಇಳಿಬಿದ್ದ ಸರಪಳಿ, ಗೋಡೆಯ ಮೇಲೆ ಆ ಗಡಿಯಾರ. ಮಗ್ಗಿ ಬರೆದು ಮುಗಿದರೂ ಅದು ಅಲುಗಾಡದು. ಅಪ್ಪ ಬಾಯ್ಲರು ನೋಡಲು ಕೆಳಗಿಳಿದಿದ್ದ. ಆರು ಬೇಗ ಬರಲಿ, ಅಷ್ಟೇ. ಬೇರೆ ಯಾವ ದುರುದ್ದೇಶವೂ ಇರಲಿಲ್ಲ. ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು, ಉದ್ದನೆಯ ಮುಳ್ಳನ್ನು ಒಂದು ಬೆರಳಿನಿಂದ ಒಂದು ಸುತ್ತು ತಳ್ಳಿದಳು. ಅದು ಬೆಣ್ಣೆಯ ಹಾಗೆ ತಿರುಗಿತು. ಅಷ್ಟು ಸಲೀಸಾಗಿ ತಿರುಗುವಂತೆ ಎಣ್ಣೆ ಹಾಕಿದವರು ಯಾರೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತ ಕೂತಿದ್ದ. ಸೈರನ್ನಿನ ಪಕ್ಕದಲ್ಲಿ ಹನ್ನೆರಡು ವರ್ಷ ನಿಂತ ಬಲಗಿವಿ ಯಾವತ್ತೋ ಕೆಲಸ ಬಿಟ್ಟಿತ್ತು. ಎಡಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಅವಳು ಎಡಗಡೆಗೆ ಕುರ್ಚಿ ಹಾಕಿಕೊಂಡು ಕೂತಳು.

"ಬೇಗ ಬಂದ್ಯಲ್ಲ ಪುಟ್ಟಿ."

"ಅಪ್ಪಾ, ಒಂದು ಹೇಳ್ಬೇಕು. ಆ ಗಡಿಯಾರದ ಮುಳ್ಳು ತಿರುಗಿಸಿದ್ದು ನಾನು."

ಯಾವ ಗಡಿಯಾರ ಎಂದು ಕೇಳುತ್ತಾನೆಂದುಕೊಂಡಿದ್ದಳು. ಅವನು ಕೇಳಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಒಡೆದು, ಕಾಳುಗಳನ್ನು ಬಟ್ಟಲಿಗೆ ಉದುರಿಸಿ, ಸಿಪ್ಪೆಯನ್ನು ಅದರ ರಾಶಿಗೆ ಹಾಕಿ, ಆಮೇಲೆ ತಲೆಯೆತ್ತಿದ. ಅವನ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ. ಏನೋ ಕಳೆದುಹೋದದ್ದು ಹಾಸಿಗೆಯ ಕೆಳಗೆ ಸಿಕ್ಕಿದವನ ಬೆರಗು. "ನೀನಾ?" ಎಂದ. "ನಾನು ಇಷ್ಟು ವರ್ಷ ಗಡಿಯಾರಕ್ಕೇ ಹುಚ್ಚು ಹಿಡಿದಿತ್ತು ಅಂದ್ಕೊಂಡಿದ್ದೆ. ನೀನಾ? ಅಷ್ಟೆತ್ತರ ಹೇಗೆ ಸಿಕ್ತೇ ನಿಂಗೆ?"

"ಸ್ಟೂಲು ಹತ್ತಿದ್ದೆ. ಅಪ್ಪ, ನನ್ನಿಂದ ನಿನ್ನ ಸೈರನ್ನಿನ ಕೆಲಸದಿಂದ ತೆಗೆದು ಗೋದಾಮಿಗೆ ಹಾಕಿದ್ರು. ಊರೆಲ್ಲ ನಿನ್ನ ಆಡ್ಕೊಂಡ್ರು." ಹತ್ತನೆಯ ವಯಸ್ಸಿನಲ್ಲಿ ಅಳಬೇಕಾದ್ದನ್ನು ಈಗ ಅಳುವುದು ನಾಚಿಕೆಗೇಡು ಎನ್ನಿಸಿ, ಒಂದು ಹಿಡಿ ಬಟಾಣಿಕಾಯಿಯನ್ನು ತನ್ನ ಮುಂದೆ ಎಳೆದುಕೊಂಡಳು.

ಅವನು ಇನ್ನಷ್ಟು ಕಾಯಿಗಳನ್ನು ಅವಳ ಕಡೆಗೆ ತಳ್ಳಿದ. "ಮುಳ್ಳು ತಿರುಗಿಸಿದ್ದು ನೀನು, ಒಪ್ಪಿದೆ" ಎಂದ. "ಸೈರನ್ನು ಎಳೆದಿದ್ದು ನಾನು. ಆಗ ಐದು ಗಂಟೆ ಅಂತ ನಂಗೆ ಗೊತ್ತಿತ್ತು."

ಅವಳ ಕೈ ನಿಂತಿತು.

"ಗೊತ್ತಿಲ್ದೆ ಇರುತ್ತಾ? ಕೋಣೆಗೆ ಒಂದು ಕಿಟಕಿ ಇತ್ತಲ್ಲ, ಅದೊಂದಕ್ಕೇ ಬಣ್ಣ ಬಳಿದಿರ್ಲಿಲ್ಲ. ಗಡಿಯಾರ ಆರು ಅಂತಿದೆ, ಹೊರಗೆ ನೋಡಿದ್ರೆ ಬಿಸಿಲು ಇನ್ನೂ ಕಾಂಪೌಂಡ್ ಗೋಡೆ ಮೇಲಿದೆ. ಸರಪಳಿ ಹಿಡ್ಕೊಂಡು ನಿಂತೆ. ಮುಳ್ಳು ಹಿಂದಕ್ಕೆ ತಿರುಗಿಸೋಣ ಅಂತ ಒಂದು ಮನಸ್ಸು. ಹನ್ನೆರಡು ವರ್ಷ ಅದು ಹೇಳಿದ ಹಾಗೆ ಕೇಳಿದ್ದೆ ಪುಟ್ಟಿ. ಅವತ್ತು ಅದೇ ದಾರಿ ತಪ್ಪಿ ಒಂದು ಒಳ್ಳೇ ಮಾತು ಹೇಳ್ತಿದೆ. ಅದನ್ನೂ ಕೇಳ್ಬಿಡೋಣ ಅನ್ನಿಸ್ತು." ಅವನು ಬಾಯಿಗೆ ಒಂದು ಹಸಿ ಕಾಳು ಹಾಕಿಕೊಂಡ. "ಎಳೆದ್ಬಿಟ್ಟೆ. ಮಾರನೇ ದಿನ ಕೇಳಿದ್ರು. ಹೆದರಿಕೆ ಆಯ್ತು. ಗಡಿಯಾರ ಕೆಟ್ಟಿತ್ತು ಸ್ವಾಮಿ, ನಂಗೆ ಗೊತ್ತೇ ಆಗ್ಲಿಲ್ಲ ಅಂದೆ."

"ಐದು ಗಂಟೆ ಅಂತ ಕರೀತಿದ್ರಲ್ಲ, ಅದು?"

"ಅದಕ್ಕೇನಂತೆ? ಉಳಿದವ್ರಿಗೆ ಕುಂಟ, ಕುಳ್ಳ, ಬೊಕ್ಕ ಅಂತೆಲ್ಲ ಇಟ್ಟಿದ್ರು. ನಂಗೆ ಒಂದು ಹೊತ್ತಿನ ಹೆಸರು ಬಂತು. ಕರಿಯೋವಾಗ ಎಲ್ರೂ ನಗ್ತಿದ್ರು, ನೋಡಿದ್ಯಲ್ಲ. ಬೈಯ್ಯೋರು ಹಾಗೆ ನಗಲ್ಲ." ಅವಳು ನೋಡಿದ್ದಳು. ನಗುವನ್ನಷ್ಟೇ ನೋಡಿ, ಅದು ಎಂಥ ನಗು ಎಂದು ನೋಡದೆ ಓಡಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು, ಇಬ್ಬರೂ ತಮ್ಮ ತಮ್ಮ ತಪ್ಪನ್ನು ಒಂದು ಗಡಿಯಾರದ ಮೇಲೆ ಹೊರಿಸಿ ಸುಮ್ಮನಿದ್ದರಲ್ಲ ಎಂದು ನೆನೆದಾಗ ಅವಳಿಗೆ ಮೊದಲು ಅಳುವೇ ಬಂದಿದ್ದು, ಹೊರಗೆ ಬರುವಷ್ಟರಲ್ಲಿ ಅದು ನಗುವಾಗಿತ್ತು. ಅಪ್ಪನೂ ನಕ್ಕ. ಒಂದು ಕಾಳು ನೆಲಕ್ಕೆ ಬಿದ್ದು ಫ್ರಿಜ್ಜಿನ ಕೆಳಗೆ ಉರುಳಿತು.

"ಗಡಿಯಾರ ರಿಪೇರಿಯವ್ರು ಇದಾರಪ್ಪ" ಎಂದಳು ಕಣ್ಣೊರೆಸಿಕೊಂಡು. "ನನ್ನ ಕ್ಲಾಸಿಗೇ ಬರ್ತಾರೆ. ಇವತ್ತಿಗೂ ಹೇಳ್ತಿದಾರೆ, ಗಡಿಯಾರ ಸರಿಯಿತ್ತು ಅಂತ."

ಅಪ್ಪನ ನಗು ಅಲ್ಲಿಗೇ ನಿಂತಿತು. ಬಟಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಅವನು ಇನ್ನೂ ಇದಾನಾ? ಅಂಗಡಿ ಮುಚ್ಚಿತು ಅಂದಾಗ, ಊರು ಬಿಟ್ಟ ಅಂದ್ಕೊಂಡೆ. ಅವನ ಅಂಗಡಿ ಬೀದೀಲಿ ನಾನು ಕಾಲಿಡದೆ ಎಷ್ಟು ವರ್ಷ ಆಯ್ತು. ಸುತ್ತು ಹಾಕ್ಕೊಂಡು ಹೋಗ್ತಿದ್ದೆ." ಎದ್ದು ನಿಂತ. "ಶೂ ಎಲ್ಲಿದೆ ನೋಡು."

"ಊಟ?"

"ಊಟ ಎಲ್ಲಿಗೆ ಓಡ್ಹೋಗುತ್ತೆ? ನಡಿ."

ಹತ್ತು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಅವನು ಏನು ಹೇಳಬೇಕೆಂದು ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು. ನೋಡಪ್ಪ, ವಿಷಯ ಏನಂದ್ರೆ. ಗ್ರಂಥಾಲಯದ ಮೆಟ್ಟಿಲ ಹತ್ತಿರ, ನೀನು ಮೊದಲು ಹೇಳ್ತೀಯಾ ಎಂದು ಕೇಳಿದ. ಇಬ್ಬರೂ ಒಟ್ಟಿಗೆ ಹೇಳೋಣ ಎಂದಳು. ತರಗತಿಯ ಒಬ್ಬರೂ ಮನೆಗೆ ಹೋಗಿರಲಿಲ್ಲ. ಬೀಗ ಹಾಕಿದ ಪುಟವನ್ನು ಬಿಟ್ಟು ಎಲ್ಲರೂ ಕಾಗದದ ಮೇಲೆ ಬರೆಯುತ್ತ ಕೂತಿದ್ದರು. ಅಪ್ಪ ಬಾಗಿಲಲ್ಲಿ ಕಾಣಿಸಿದಾಗ ಮೊದಲು ಎದ್ದವರು ಗುಂಡಿಯಮ್ಮ.

"ಐದು ಗಂಟೆ ಬಂತು ನೋಡ್ರಪ್ಪ" ಎಂದರು.

ಅವಳು ಅಪ್ಪನ ಮುಖವನ್ನು ನೋಡಿದಳು, ಈ ಸಲ ಓಡದೆ. ಹೆಸರು ಕೇಳಿದ ಕೂಡಲೇ ಅದು ಅರಳಿದ ರೀತಿ ಸುಳ್ಳಾಗಿರಲು ಸಾಧ್ಯವಿರಲಿಲ್ಲ. ಅವನು ಎಲ್ಲರಿಗೂ ತಲೆಯಾಡಿಸುತ್ತ ಕೋಣೆಯ ಆ ತುದಿಗೆ ನಡೆದು, ಗಡಿಯಾರದವರ ಕುರ್ಚಿಯ ಮುಂದೆ ನಿಂತ. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು.

"ಗಡಿಯಾರ ಸರಿಯಿತ್ತು ಕಣಯ್ಯ" ಎಂದ. "ನಾನು ಸುಳ್ಳು ಹೇಳ್ದೆ."

"ಮುಳ್ಳು ತಿರುಗಿಸಿದ್ದು ನಾನು" ಎಂದಳು ಅವಳು. "ಆಗ ಹತ್ತು ವರ್ಷ ನಂಗೆ. ಆರು ಗಂಟೆ ಬೇಗ ಆಗ್ಲಿ ಅಂತ."

ಗಡಿಯಾರದವರು ಒಬ್ಬರ ನಂತರ ಒಬ್ಬರನ್ನು ನೋಡಿದರು. ಬೈಯಲಿ, ಅವಳು ಅಂದುಕೊಂಡಳು. ಬೈದರೆ ಎಷ್ಟು ಚೆನ್ನ. ಅವರು ಕೇಳಿದ್ದು ಬೇರೆ.

"ಮುಂದಕ್ಕೆ ತಿರುಗಿಸಿದ್ಯೋ, ಹಿಂದಕ್ಕೋ?"

"ಮುಂದಕ್ಕೆ."

"ದೊಡ್ಡ ಮುಳ್ಳೋ, ಚಿಕ್ಕದೋ?"

"ದೊಡ್ಡದು. ಒಂದು ಸುತ್ತು. ಬೆಣ್ಣೆ ಥರ ತಿರುಗಿತು."

"ತಿರುಗದೆ ಏನು" ಎಂದರು ಗಡಿಯಾರದವರು. "ತಿರುಗದೆ ಏನು. ಮೂರು ದಿನ ಆಗಿತ್ತು ಅಷ್ಟೇ ಎಣ್ಣೆ ಹಾಕಿ." ಚಾಲಕರ ಕಡೆಗೆ ಕತ್ತು ತಿರುಗಿಸಿ, "ಕೇಳಿಸ್ತೇನಯ್ಯಾ?" ಎಂದರು. ಚಾಲಕರು ಕೈಮುಗಿದು, ಕೇಳಿಸ್ತು ಮಹಾರಾಯ್ರೆ, ಇನ್ನು ನಮ್ಮನೆ ಗಡಿಯಾರ ನಿಮ್ಮ ಹತ್ರಾನೇ ತರ್ತೀನಿ ಎಂದರು. ಗಡಿಯಾರದವರು ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ನೆಲಕ್ಕಿಳಿಸಿದರು. ಅಪ್ಪ ಅಲ್ಲಿ ಕೂತ. ಇಬ್ಬರು ಮುದುಕರೂ ಒಬ್ಬರ ಮುಖವನ್ನೊಬ್ಬರು ನೋಡದೆ, ಬಸ್ಸಿನಲ್ಲಿ ಕೂತವರಂತೆ ಎದುರಿಗೆ ನೋಡುತ್ತಿದ್ದರು. ಆಮೇಲೆ ಗಡಿಯಾರದವರು, ಚಹಾ ಕುಡೀತೀಯಾ ಎಂದರು. ಮಾತು ಬಲಗಿವಿಯ ಕಡೆ ಬಿದ್ದದ್ದರಿಂದ ಅಪ್ಪ ಕೇಳಿಸಿಕೊಳ್ಳದೆ, ಹೌದು ಹೌದು, ತಪ್ಪು ನಂದೇ ಎಂದ. ಕೋಣೆಯೆಲ್ಲ ನಕ್ಕಿತು.

ಅವಳು ಬೀಗ ತೆಗೆದಳು. ಸೈರನ್ನು ಒಂದು ನಿಮಿಷವೂ ತಪ್ಪಲಿಲ್ಲವೆಂಬ ತನ್ನ ವಾಕ್ಯವನ್ನು ಆರಿಸಿ ಅಳಿಸುವಾಗ ಸಣ್ಣದೊಂದು ನೋವಾಯಿತು. ಎಷ್ಟಾದರೂ ಅಂದವಾಗಿ ಬರೆದದ್ದು. ಆ ಜಾಗದಲ್ಲಿ 'ಆ ಒಂದು ಗಂಟೆ' ಎಂದು ಹೊಸ ತಲೆಬರಹ ಹಾಕಿದಳು. ಮೊದಲು ಗಡಿಯಾರದವರೇ ಕೂತು, ಎರಡು ಬೆರಳಿನಲ್ಲಿ, 'ಗಡಿಯಾರದಲ್ಲಿ ಯಾವ ದೋಷವೂ ಇರಲಿಲ್ಲ' ಎಂದು ಟೈಪು ಮಾಡಿ, ಅದರ ಕೆಳಗೆ ಅವಳ ಮತ್ತು ಅಪ್ಪನ ತಪ್ಪನ್ನು ಕ್ರಮವಾಗಿ ಒಂದು, ಎರಡು ಎಂದು ನಮೂದಿಸಿದರು. ಆಮೇಲೆ ನಾಲ್ಕು ಹೆಜ್ಜೆಗಳು, ಫೋಟೋ, ಹಾರ್ನು. ಗುಂಡಿಯಮ್ಮ ಅಪ್ಪನ ಕಡೆ ತಿರುಗಿದರು. "ಎಲ್ರಿಗೂ ಒಂದು ಗಂಟೆ ಕೊಟ್ಟು ನೀವು ಮೇಲೇ ಕೂತಿದ್ರಲ್ಲ. ಏನು ಮಾಡ್ತಿದ್ರಿ?"

"ನೋಡ್ತಿದ್ದೆ" ಎಂದ ಅಪ್ಪ. "ಕಿಟಕಿಯಿಂದ. ದಿನಾ ಆರು ಗಂಟ್ಗೆ ಬರೀ ತಲೆಗಳು ಕಾಣೋವು, ಕಪ್ಪಗೆ, ಒಂದೇ ಥರ. ಅವತ್ತು ಬಣ್ಣ ಕಾಣ್ತು. ಇಷ್ಟೊಂದು ಬಣ್ಣ ಹಾಕ್ಕೊಂಡು ಬರ್ತಾರಾ ಇವ್ರೆಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇವ್ಳಮ್ಮ ಗೇಟು ದಾಟೋವಾಗ ತಲೆಯೆತ್ತಿ ನನ್ನ ನೋಡಿದ್ಲು. ನಕ್ಕಳು. ಬಾಯಲ್ಲೇನೋ ಅಂದ್ಲು, ಕೇಳಿಸ್ಲಿಲ್ಲ. ತಲೆಗೆ ಹಳದಿ ಬಟ್ಟೆ ಕಟ್ಟಿದ್ಲು."

ಟೈಪು ಮಾಡುತ್ತಿದ್ದ ಅವಳು ನಿಲ್ಲಿಸಿದಳು. ಅಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು. ಆ ಸಂಜೆ ಅಮ್ಮ ಕೋಣೆಗೆ ಬರುವ ಮುಂಚೆ ಗೇಟಿನವರೆಗೆ ಹೋಗಿ, ಎಲ್ಲರಂತೆ ಬಿಸಿಲಲ್ಲಿ ನಿಂತು ನಕ್ಕಿದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತಿಗೆ ತಾನು ಗೋಣಿಚೀಲಗಳ ರಾಶಿಯೊಳಗೆ ಮುಖ ಹುದುಗಿಸಿಕೊಂಡು, ಸೈರನ್ನಿನ ಕೂಗು ತನ್ನ ಹೆಸರನ್ನೇ ಕೂಗುತ್ತಿದೆಯೆಂದು ನಡುಗುತ್ತಿದ್ದಳು.

"ಹಳದಿ ಅಲ್ಲ, ಹಸಿರು" ಎಂದರು ಗುಂಡಿಯಮ್ಮ. "ನಾನು ಪಕ್ಕದಲ್ಲೇ ಇದ್ದೆ."

"ಹಳದಿ ಕಣಮ್ಮ. ನನ್ನ ಹೆಂಡ್ತಿ."

"ನಿಮ್ಮ ಹೆಂಡ್ತಿಯೇ ಇರಬಹುದು. ಬಟ್ಟೆ ಹಸಿರು."

ಇಬ್ಬರೂ ಅವಳನ್ನು ನೋಡಿದರು. ಅವಳು 'ಹಳದಿ ಎಂದು ಒಬ್ಬರು, ಹಸಿರು ಎಂದು ಇನ್ನೊಬ್ಬರು' ಎಂದು ಎರಡನ್ನೂ ಬರೆದು ಉಳಿಸಿದಳು. ಎರಡು ದಿನ ಕಳೆದು ಆ ಪುಟವನ್ನು ತೆರೆದಾಗ ಹನ್ನೊಂದು ಹೊಸ ಕೈಗಳು ಬರೆದು ಹೋಗಿದ್ದವು. ಅವುಗಳಲ್ಲೊಂದು, ಯಾರೆಂದು ಅವಳಿಗೆ ಗೊತ್ತಿಲ್ಲದ ಹೆಸರು, ಹಳದಿ ಹಸಿರುಗಳ ಕೆಳಗೆ ಸೇರಿಸಿತ್ತು: 'ಎರಡೂ ಅಲ್ಲ, ನೀಲಿ. ನಾನು ಅವರ ಹಿಂದೆಯೇ ನಡೆಯುತ್ತಿದ್ದೆ. ಅವರು ಮೇಲೆ ನೋಡಿ ಹೇಳಿದ್ದು, ನೀವೂ ಇಳಿದು ಬನ್ನಿ ಎಂದು.' ಅವಳು ಮನೆಗೆ ಫೋನು ಮಾಡಿದಳು. ಅಪ್ಪ ಎಡಗಿವಿಗೆ ಇಟ್ಟುಕೊಳ್ಳುವವರೆಗೆ ಕಾದು, ಒಂದೊಂದೇ ಪದವನ್ನು ನಿಧಾನವಾಗಿ ಓದಿ ಹೇಳಿದಳು.